ವಿದ್ಯುತ್ ಬೈಸಿಕಲ್ಲೂ ರಸ್ತೆಯ ಶಾಸನವೂ

ಮುಂಬಯಿ, ಪುಣೆಗಳಂಥ ನಗರಗಳಲ್ಲಿ ಕಚೇರಿಗೆ ಹೋಗಿಬರಲು ವಿದ್ಯುತ್ ಬೈಸಿಕಲ್ಲನ್ನು ಆಶ್ರಯಿಸುವವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಅವರಲ್ಲಿ ಕೆಲವರು ಸಾಧಾರಣ ಸೈಕಲ್ಲಿಗೆ 1000 ವಾಟ್ ಸಾಮರ್ಥ್ಯದ ಮೋಟಾರನ್ನು ಜೋಡಿಸಿಕೊಂಡು, ತರುವಾಯ ಅದನ್ನು ಕಾಯಿದೆಗೆ ಒಗ್ಗಿಸುವ ಬಗೆ ಹೇಗೆಂದು ವಿಚಾರಿಸುತ್ತಾರೆ. ಇದಕ್ಕೆ ಉತ್ತರ ಹೇಳುವ ಮುನ್ನ ಶಾಸನವು ಏನನ್ನು ಅಳೆಯುತ್ತದೆಂಬುದನ್ನು ತಿಳಿಯುವುದು ಅವಶ್ಯಕ. ಸವಾರನು ಎಷ್ಟು ನಿಧಾನವಾಗಿ ಹೋಗುತ್ತಾನೆಂಬುದು ಅದಕ್ಕೆ ಮುಖ್ಯವಲ್ಲ. ಯಂತ್ರಕ್ಕೆ ಎಷ್ಟು ಸಾಮರ್ಥ್ಯವಿದೆಯೆಂಬುದೇ ಮುಖ್ಯ.

1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ, ಯಂತ್ರಬಲದಿಂದ ಚಲಿಸುವ, ರಸ್ತೆಯಲ್ಲಿ ಬಳಸತಕ್ಕ ವಾಹನವು ಸಾಮಾನ್ಯವಾಗಿ ಮೋಟಾರು ವಾಹನವೇ ಸರಿ. 1989ರ ಕೇಂದ್ರ ನಿಯಮಗಳಲ್ಲಿ ವಿದ್ಯುತ್ ಬೈಸಿಕಲ್ಲಿಗೆ ಒಂದು ವಿನಾಯಿತಿಯುಂಟು. ಅದರ ಮೋಟಾರಿನ ಮೂವತ್ತು ನಿಮಿಷದ ಶಕ್ತಿಯು 250 ವಾಟ್‌ಗಿಂತ ಕಡಮೆಯಿರಬೇಕು. ವೇಗವು ಗಂಟೆಗೆ 25 ಕಿಲೋಮೀಟರ್ ಮುಟ್ಟುವಷ್ಟರಲ್ಲಿ, ಅಥವಾ ಸವಾರನು ಪೆಡಲ್ ತುಳಿಯುವುದನ್ನು ನಿಲ್ಲಿಸಿದೊಡನೆ, ಮೋಟಾರಿನ ನೆರವು ಕಡಿದುಹೋಗಬೇಕು. ಬ್ಯಾಟರಿಯನ್ನು ಬಿಟ್ಟು ತೂಕ 60 ಕಿಲೋಗ್ರಾಂ ಮೀರಕೂಡದು. ತಕ್ಕ ಬ್ರೇಕುಗಳೂ, ಮುಂದೆ ಬಿಳಿಯ, ಹಿಂದೆ ಕೆಂಪಿನ ರಿಫ್ಲೆಕ್ಟರುಗಳೂ ಇರಬೇಕು. ಇವನ್ನೆಲ್ಲ ಅಧಿಕೃತ ಪರೀಕ್ಷಾ ಸಂಸ್ಥೆಯು ಪರಿಶೀಲಿಸಿ ಒಪ್ಪಿರಬೇಕು.

ಮೂವತ್ತು ನಿಮಿಷದ ಶಕ್ತಿಯೆಂದರೆ ಮೋಟಾರು ಅರ್ಧ ಗಂಟೆಯ ಕಾಲ ಸತತವಾಗಿ ಕೊಡಬಲ್ಲ ಶಕ್ತಿ. ಇಲ್ಲಿಯೇ ಹಲವರು ಎಡವುತ್ತಾರೆ. 48 ವೋಲ್ಟಿನ ಬ್ಯಾಟರಿಯಿಂದ ಕಂಟ್ರೋಲರು 20 ಆಂಪಿಯರ್ ಸೆಳೆದರೆ ಆ ಶಕ್ತಿ 960 ವಾಟ್. 5 ಆಂಪಿಯರಿಗೆ ಮಿತಿಗೊಳಿಸಿದರೆ 240 ವಾಟ್. ಆದುದರಿಂದ ಕಂಟ್ರೋಲರನ್ನು ತಗ್ಗಿಸಿದರೆ ಸಾಕೆಂದು ತೋರಬಹುದು. ಆದರೆ ಮೋಟಾರಿನ ಸ್ವಂತ ಸಾಮರ್ಥ್ಯ ಇದರಿಂದ ಬದಲಾಗದು. ಒಂದು ತಂತಿಯನ್ನು ಮರಳಿ ಜೋಡಿಸಿದರೆ ಹಳೆಯ ಬಲ ಹಿಂದಿರುಗುತ್ತದೆ. ಗುಂಡಿಯೊತ್ತಿ ಆರಿಸಬಹುದಾದ ‘ರಸ್ತೆಯ ಮಿತಿ’ಗೂ ಇದೇ ದೋಷ. ಹೊರನಾಡಿನ ಸಲಹೆಗಳನ್ನು ಅನುಸರಿಸುವವರೂ ಎಚ್ಚರದಿಂದಿರಬೇಕು. ಅಮೆರಿಕದ 2002ರ ಕಾನೂನು 750 ವಾಟ್‌ಗಿಂತ ಕಡಮೆಯ ಮೋಟಾರುಳ್ಳದ್ದನ್ನೂ ಬೈಸಿಕಲ್ಲೆಂದೇ ಎಣಿಸುತ್ತದೆ. ನಮ್ಮ ನಿಯಮ ಹಾಗೆ ಎಣಿಸದು.

250 ವಾಟ್ ಸಾಕೇ ಎಂಬ ಸಂದೇಹ ಸಹಜ. ಸವಾರನೂ ಸೈಕಲ್ಲೂ ಸೇರಿ 100 ಕಿಲೋಗ್ರಾಂ ಎಂದು ಹಿಡಿದರೆ, ಸಮತಟ್ಟಾದ ರಸ್ತೆಯಲ್ಲಿ 25 ಕಿಲೋಮೀಟರ್ ವೇಗಕ್ಕೆ ಸುಮಾರು 175 ವಾಟ್ ಬೇಕು. 50 ಕಿಲೋಮೀಟರಿಗಾದರೆ 1000 ವಾಟನ್ನೂ ಮೀರುತ್ತದೆ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ, ವೇಗ ಇಮ್ಮಡಿಸಿದಾಗ ಎಂಟು ಮಡಿಯಾಗುವುದೇ ಇದಕ್ಕೆ ಕಾರಣ. ಬ್ರೇಕು ತಡೆಯಬೇಕಾದ ಚಲನಶಕ್ತಿಯೂ ಆಗ ನಾಲ್ಕು ಮಡಿಯಾಗುತ್ತದೆ. ಸೈಕಲ್ಲಿನ ಬ್ರೇಕು, ಚೌಕಟ್ಟುಗಳನ್ನು ಆ ಭಾರಕ್ಕೆಂದು ರಚಿಸಿರುವುದಿಲ್ಲ.

ಹೀಗಿರಲು, ಪರಿವರ್ತನೆಯ ನೇರವಾದ ದಾರಿ ಸಾಮರ್ಥ್ಯವನ್ನು ಇಳಿಸುವುದು. ಮೊದಲು ಮೋಟಾರನ್ನೇ ಬದಲಿಸಬೇಕು. ಮಾರುವವರ ಮಾತನ್ನಾಗಲಿ ಮೋಟಾರಿನ ಮೇಲಿನ ಅಂಕಿಯನ್ನಾಗಲಿ ನಂಬದೆ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ನೋಡಬೇಕು. ಅದಕ್ಕೆ ಹೊಂದುವ, 25 ಕಿಲೋಮೀಟರಿನಲ್ಲಿ ತಾನಾಗಿ ನಿಲ್ಲುವ ಕಂಟ್ರೋಲರನ್ನು ಹಾಕಬೇಕು. ಕೈಯಿಂದ ತಿರುಗಿಸುವ ಥ್ರಾಟಲನ್ನು ತೆಗೆದು, ಪೆಡಲಿನ ಚಲನೆಯನ್ನು ಗುರುತಿಸುವ ಸೆನ್ಸರನ್ನು ಅಳವಡಿಸಬೇಕು. ಹೊಸ ಮೋಟಾರು, ಕಂಟ್ರೋಲರುಗಳ ವೋಲ್ಟೇಜಿಗೆ ಹೊಂದಿದರೆ ಮಾತ್ರ ಹಳೆಯ ಬ್ಯಾಟರಿಯನ್ನು ಉಳಿಸಿಕೊಳ್ಳಬಹುದು. ಇಷ್ಟಾದರೂ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯ ಪ್ರಶ್ನೆ ಉಳಿದೇ ಇರುವುದರಿಂದ, ಹಣ ಸುರಿಯುವ ಮುನ್ನ ಆರ್.ಟಿ.ಓ. ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದು ಮೇಲು. ಒಪ್ಪಿಗೆ ಪಡೆದ ಮಾದರಿಯನ್ನೇ ಕೊಳ್ಳುವುದು ಅನೇಕ ವೇಳೆ ಅಗ್ಗವಾದೀತು.

ಇನ್ನೊಂದು ದಾರಿಯು ಯಂತ್ರವನ್ನು ಇದ್ದಂತೆಯೇ ಇಟ್ಟು ಮೋಟಾರು ವಾಹನವೆಂದು ನೋಂದಾಯಿಸುವುದು. ಆದರೆ ಅದಕ್ಕೆ ಮಾದರಿಯ ಪರೀಕ್ಷೆ ನಡೆದಿರಬೇಕು. ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಗಳು ನಡೆಸುವ ಆ ಪರೀಕ್ಷೆ ತಯಾರಕರನ್ನು ಕುರಿತದ್ದು. ಮನೆಯಲ್ಲಿ ಕಟ್ಟಿದ ಒಂದೇ ಒಂದು ಸೈಕಲ್ಲಿಗೆ ಅದರ ವೆಚ್ಚವನ್ನೂ ಶ್ರಮವನ್ನೂ ಹೊರುವುದು ಕಷ್ಟಸಾಧ್ಯ.

ದಂಡದ ಭಯಕ್ಕಿಂತ ಗುರುತರವಾದ ವಿಷಯವೊಂದಿದೆ. ಮಿತಿ ಮೀರಿದ ಸೈಕಲ್ಲು ಮೋಟಾರು ವಾಹನವಾದೊಡನೆ ಅದಕ್ಕೆ ನೋಂದಣಿ, ಲೈಸೆನ್ಸು, ಹೆಲ್ಮೆಟ್ಟುಗಳಂತೆ ಮೂರನೆಯವರ ವಿಮೆಯೂ ಕಡ್ಡಾಯ. ನೋಂದಣಿಯಿಲ್ಲದುದಕ್ಕೆ ಆ ವಿಮೆ ದೊರೆಯುವ ಬಗೆಯೆಂತು? ಪಾದಚಾರಿಯೊಬ್ಬನು ಅಪಘಾತಕ್ಕೀಡಾಗಿ ಸತ್ತರೆ, ನ್ಯಾಯಮಂಡಳಿಯು ಅವನ ವಯಸ್ಸನ್ನೂ ಸಂಪಾದನೆಯನ್ನೂ ನೋಡಿ ಪರಿಹಾರವನ್ನು ನಿಗದಿ ಮಾಡುತ್ತದೆ. ವಿಮೆಯಿಲ್ಲದಿದ್ದಲ್ಲಿ ಆ ಮೊತ್ತವನ್ನು ಸವಾರನೂ ಒಡೆಯನೂ ತಮ್ಮ ಕೈಯಿಂದಲೇ ತೆರಬೇಕು. ಬ್ಯಾಂಕಿನ ವ್ಯವಹಾರದಲ್ಲಿ ಇಂಥದನ್ನು ಮಿತಿಯಿಲ್ಲದ ಹೊಣೆಯೆನ್ನುತ್ತಾರೆ. ಕಚೇರಿಗೆ ಹತ್ತು ನಿಮಿಷ ಮುಂಚೆ ತಲುಪುವ ಲಾಭಕ್ಕಾಗಿ ವಿವೇಕಿಯಾದ ಗೃಹಸ್ಥನು ಅದಕ್ಕೆ ಸಹಿ ಹಾಕನು. ಆ ಪಾದಚಾರಿಯ ಮನೆಯವರ ಕಡೆಯಿಂದ ನೋಡಿದರಂತೂ, ತೆರಲು ಶಕ್ತಿಯಿಲ್ಲದ ಸವಾರನ ಮೇಲಿನ ತೀರ್ಪು ಬರಿಯ ಕಾಗದವಾಗಿಯೇ ಉಳಿದೀತು.