ಮಗುವಿನ ಶೌಚಾಭ್ಯಾಸ: ಹೆದರಿಸದೆ ಕಲಿಸೋಣ

"ನಾಲ್ಕು ದಿನ ಆಯ್ತ್ರೀ, ಕೂಸು ಸಂಡಾಸಕ್ಕ ಹೋಗಿಲ್ಲ. ಕೂಡಿಸಿದ್ರ ಅಳ್ತದ." ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ತಾಯಂದಿರಿಂದ ಈ ಮಾತನ್ನು ನಾವು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ವಿಚಾರಿಸಿದಾಗ ಅನೇಕ ಮಕ್ಕಳಲ್ಲಿ ರೋಗಕ್ಕಿಂತ ಮೊದಲು ಹೆದರಿಕೆಯೇ ಕಂಡುಬರುತ್ತದೆ.

2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಿಂದ ಹಳ್ಳಿಗಳಲ್ಲಿಯೂ ಶೌಚಾಲಯಗಳು ಹೆಚ್ಚಿದವು. ಆದರೆ ಅವು ದೊಡ್ಡವರ ಅಳತೆಯವು. ಕತ್ತಲೆಯ ಕೋಣೆ, ಅಗಲವಾದ ಗುಂಡಿಯನ್ನು ಕಂಡ ಮಗು ಬಿದ್ದೇನೆಂದು ಅಂಜಿ ಮಲವನ್ನು ತಡೆಹಿಡಿಯುತ್ತದೆ. ತಡೆದ ಮಲ ಗಟ್ಟಿಯಾಗುತ್ತದೆ. ಗಟ್ಟಿ ಮಲ ನೋವು ಕೊಡುತ್ತದೆ. ನೋವಿನ ನೆನಪಿನಿಂದ ಮಗು ಮತ್ತಷ್ಟು ತಡೆಯುತ್ತದೆ.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಅವುಗಳಲ್ಲಿ ಮಲವೇಗವೂ ಒಂದು. ಅದನ್ನು ತಡೆದರೆ ಹೊಟ್ಟೆನೋವು, ಹೊಟ್ಟೆಯುಬ್ಬರ, ತಲೆನೋವು ಉಂಟಾಗುತ್ತವೆಂದು ಅಲ್ಲಿ ವಿವರಿಸಲಾಗಿದೆ.

ಕಲಿಕೆ ಯಾವಾಗ ಆರಂಭವಾಗಬೇಕು? ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ. ವಯಸ್ಸಿಗಿಂತ ಲಕ್ಷಣಗಳು ಮುಖ್ಯ. ಎರಡು ತಾಸು ಚಡ್ಡಿ ಒಣಗಿರುವುದು, ಹೇಳಿದ್ದನ್ನು ತಿಳಿಯುವುದು, ಮಾತಿನಿಂದಲೋ ಸನ್ನೆಯಿಂದಲೋ ಸೂಚಿಸುವುದು ಕಂಡಾಗ ಮಗು ಸಿದ್ಧವಾಗಿದೆಯೆಂದು ತಿಳಿಯಬೇಕು. ಪಕ್ಕದ ಮನೆಯ ಮಗುವಿನೊಡನೆ ಹೋಲಿಕೆ ಬೇಡ. ರಾತ್ರಿಯ ಹಿಡಿತ ತಡವಾಗಿ ಬರುತ್ತದೆ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದು ದೋಷವಲ್ಲ.

ನಮ್ಮ ಅಜ್ಜಿಯರು ಕಾಲು ಚಾಚಿ, ಎರಡು ಪಾದಗಳ ನಡುವೆ ಕೂಸನ್ನು ಕೂಡಿಸುತ್ತಿದ್ದರು. ಮಗುವಿಗೆ ಆಸರೆಯೂ ದೊರೆಯುತ್ತಿತ್ತು, ತಾಯಿಯ ಮುಖವೂ ಕಾಣುತ್ತಿತ್ತು. ಆ ಅಭಯವೇ ಇಂದಿಗೂ ಬೇಕು. ಪಾದ ನೆಲಕ್ಕೆ ತಾಗುವ ಪುಟ್ಟ ಪೀಠದಲ್ಲಿ, ಊಟವಾದ ಬಳಿಕ ಐದು ನಿಮಿಷ ಕೂಡಿಸಿರಿ. ಆಗದಿದ್ದರೆ ಸುಮ್ಮನೆ ಎಬ್ಬಿಸಿರಿ. ಆದರೆ ಮೆಚ್ಚಿ ಮಾತನಾಡಿರಿ. ಬೈಗುಳ, ಹೊಡೆತ, ನಾಲ್ವರೆದುರು ನಾಚಿಸುವುದು ಖಂಡಿತ ಸಲ್ಲದು.

ನಮ್ಮ ಭಾಗದ ಬೇಸಿಗೆ ಕಠಿಣ. ನೀರು ಸಾಲದಿದ್ದರೆ ಮಲ ಒಣಗುತ್ತದೆ. ಆಗಾಗ ನೀರು, ತೆಳು ಮಜ್ಜಿಗೆ ಕೊಡಿರಿ. ಚಹಾ-ಬಿಸ್ಕಿಟಿನ ಬದಲು ಬೇಳೆಯಲ್ಲಿ ನೆನೆಸಿದ ಮೃದುವಾದ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹಣ್ಣು ಕೊಡಿರಿ. ಪದೇ ಪದೇ ಹರಳೆಣ್ಣೆ ಕುಡಿಸುವುದು, ಗುದದಲ್ಲಿ ಸಾಬೂನಿನ ಚೂರು ಇಡುವುದು ಬೇಡ.

ಇನ್ನೊಂದು ಮಾತು. ಕೂಸಿನ ಮಲ ನಿರಪಾಯವೆಂಬ ನಂಬಿಕೆ ತಪ್ಪು. ಅದರಿಂದಲೂ ವಾಂತಿ-ಭೇದಿ ಹರಡುತ್ತದೆ. ತಿಪ್ಪೆಗೋ ಚರಂಡಿಗೋ ಎಸೆಯದೆ ಶೌಚಾಲಯಕ್ಕೇ ಹಾಕಿ, ತಾಯಿ-ಮಗು ಇಬ್ಬರೂ ಸಾಬೂನಿನಿಂದ ಕೈ ತೊಳೆಯಬೇಕು.

ಮಲದಲ್ಲಿ ರಕ್ತ, ಹೊಟ್ಟೆಯುಬ್ಬರ, ವಾಂತಿ ಕಂಡರೆ, ಅಥವಾ ಹುಟ್ಟಿದಂದಿನಿಂದಲೂ ಮಲಬದ್ಧತೆಯಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಮಲ ಕಟ್ಟಿದ ಮಗು ಚಡ್ಡಿಯಲ್ಲಿ ಸ್ವಲ್ಪಸ್ವಲ್ಪ ತೆಳ್ಳಗೆ ಸೋರಿಸಿಕೊಳ್ಳುವುದುಂಟು. ಅದನ್ನು ಭೇದಿಯೆಂದು ಭಾವಿಸಿ ಔಷಧ ಕೊಡಬಾರದು, ಹಟವೆಂದು ಹೊಡೆಯಲೂಬಾರದು.

ನಡೆಯುವುದನ್ನು ಕಲಿಯುವಾಗ ಬಿದ್ದ ಮಗುವನ್ನು ನಾವು ಎತ್ತಿಕೊಂಡೆವು, ಬೈಯಲಿಲ್ಲ. ಇದೂ ಅಂಥದೇ ಒಂದು ಕಲಿಕೆ.