ಕಾಡುಹಾದಿಗೆ ಎಂಥ ಗರಗಸ?

ಅಮೆರಿಕದ ಜಾರ್ಜಿಯಾದಿಂದ ಮೇಯ್ನ್‌ವರೆಗೆ, 14 ರಾಜ್ಯಗಳ ಬೆಟ್ಟ-ಕಾಡುಗಳನ್ನು ದಾಟಿ ಸಾಗುವ ಕಾಲುಹಾದಿಯೊಂದಿದೆ. ಅದೇ ಅಪಲೇಚಿಯನ್ ಟ್ರೇಲ್. ಉದ್ದ ಸುಮಾರು 3,500 ಕಿಲೋಮೀಟರ್. ಬೆಂಟನ್ ಮೆಕಾಯ್ 1921ರಲ್ಲಿ ಸೂಚಿಸಿದ ಈ ಹಾದಿ ಪೂರ್ಣಗೊಂಡದ್ದು 1937ರಲ್ಲಿ. ಅದನ್ನು ಇಂದಿಗೂ ನಡೆಯಲು ಯೋಗ್ಯವಾಗಿ ಇಟ್ಟಿರುವವರು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಬಿರುಗಾಳಿ ಬೀಸಿತೆಂದರೆ ಅವರಿಗೆ ಬಿಡುವಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಹೆಲೀನ್ ಚಂಡಮಾರುತ ದಕ್ಷಿಣ ಭಾಗದಲ್ಲಿ ಲೆಕ್ಕವಿಲ್ಲದಷ್ಟು ಮರಗಳನ್ನು ಹಾದಿಗೆ ಅಡ್ಡ ಕೆಡವಿತ್ತು.

ಇಂಥ ಕೆಲಸಕ್ಕೆ ಎಂಥ ಚೈನ್‌ಸಾ ಒಳ್ಳೆಯದು? ಅಂಗಡಿಯಲ್ಲಿ ಕಣ್ಣು ಸಹಜವಾಗಿ ದೊಡ್ಡ ಎಂಜಿನ್ನಿನ ಮೇಲೆ ಬೀಳುತ್ತದೆ. ಆದರೆ ಕಾಡುಹಾದಿಯ ಲೆಕ್ಕವೇ ಬೇರೆ. ಬಿದ್ದ ಮರದ ಬಳಿಗೆ ಜೀಪು ಹೋಗದು. ಯಂತ್ರ, ಪೆಟ್ರೋಲು, ಚೈನಿನ ಎಣ್ಣೆ, ಬೆಣೆ, ಅರ, ನೀರು, ಬುತ್ತಿ ಎಲ್ಲವನ್ನೂ ಹೊತ್ತು ನಡೆಯಬೇಕು. ಹೊತ್ತು ದಣಿದ ತೋಳುಗಳೇ ಆಮೇಲೆ ಗರಗಸವನ್ನೂ ಹಿಡಿಯಬೇಕು. ಆದ್ದರಿಂದ ಕೆಲಸಕ್ಕೆ ಸಾಲುವಷ್ಟು ಶಕ್ತಿಯ, ಆದಷ್ಟು ಹಗುರವಾದ ಯಂತ್ರವೇ ಮೇಲು.

50 ಸಿ.ಸಿ. ಆಸುಪಾಸಿನ ಎಂಜಿನ್, 16ರಿಂದ 18 ಅಂಗುಲದ ಬಾರ್ ಇದ್ದರೆ ಸಾಮಾನ್ಯವಾಗಿ ಸಾಕು. ಬಾರಿಗಿಂತ ದಪ್ಪನೆಯ ಬೊಡ್ಡೆ ಎದುರಾದರೆ ಎರಡೂ ಬದಿಯಿಂದ ಕೊಯ್ಯಬಹುದು. ಬ್ಯಾಟರಿ ಗರಗಸದ ಸದ್ದು ಕಡಿಮೆ, ಹೊಗೆ ಇಲ್ಲ. ಸಣ್ಣ ಮರಗಳಿಗೆ ಅನುಕೂಲ. ಆದರೆ ದಿನವಿಡೀ ಕೊಯ್ಯುವುದಾದರೆ ಹೆಚ್ಚುವರಿ ಬ್ಯಾಟರಿಗಳ ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಚೈನ್ ಬ್ರೇಕ್. ಓಡುತ್ತಿರುವ ಚೈನು ಬಾರಿನ ತುದಿಯ ಮೇಲ್ಭಾಗದಲ್ಲಿ ಮರಕ್ಕೆ ತಗುಲಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಗರಗಸ ಮುಖದತ್ತ ಚಿಮ್ಮುತ್ತದೆ. ಆಗ ಚೈನನ್ನು ತಡೆದು ನಿಲ್ಲಿಸುವುದು ಈ ಬ್ರೇಕು. ಆಸ್ಪತ್ರೆ ಎಷ್ಟೋ ಗಂಟೆಗಳ ನಡಿಗೆಯಾಚೆ ಇರುವಲ್ಲಿ ಇದರ ಬೆಲೆ ಹೇಳಬೇಕಿಲ್ಲ. ಹೆಲ್ಮೆಟ್, ಕಣ್ಣು-ಕಿವಿಗಳ ರಕ್ಷಣೆ, ಕಾಲಿಗೆ ಚೈನನ್ನು ತಡೆಯುವ ನಾರುಗಳ ಹೊದಿಕೆ, ಗಟ್ಟಿ ಬೂಟುಗಳ ಖರ್ಚನ್ನು ಯಂತ್ರದ ಬೆಲೆಗೆ ಸೇರಿಸಿಯೇ ಎಣಿಸಬೇಕು.

ಬಿದ್ದ ಮರವೆಂದು ತಾತ್ಸಾರ ಸಲ್ಲದು. ಎರಡು ತುದಿಗಳಲ್ಲಿ ಆಸರೆ ಪಡೆದು ನಡುವೆ ಬಾಗಿದ ಕಾಂಡವನ್ನು ಮೇಲಿನಿಂದಲೇ ಕೊಯ್ಯುತ್ತ ಹೋದರೆ ಸೀಳು ಮುಚ್ಚಿಕೊಂಡು ಬಾರು ಸಿಕ್ಕಿಬೀಳುತ್ತದೆ. ಬಿಗಿದುಕೊಂಡ ಕೊಂಬೆ ಕತ್ತರಿಸಿದೊಡನೆ ಬಿಲ್ಲಿನಂತೆ ಸಿಡಿಯುತ್ತದೆ. ಅಮೆರಿಕದ ಅರಣ್ಯ ಸೇವೆಯು ತನ್ನ ಕಾಡುಗಳಲ್ಲಿ ಗರಗಸ ಹಿಡಿಯುವ ಸ್ವಯಂಸೇವಕರಿಗೂ ತರಬೇತಿ ಮತ್ತು ಅರ್ಹತಾ ಪತ್ರವನ್ನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ.

ಎಲ್ಲೆಡೆಯೂ ಯಂತ್ರ ನಡೆಯುವುದೂ ಇಲ್ಲ. 1964ರ ಕಾಯಿದೆಯಡಿ ರಕ್ಷಿಸಿರುವ ಅರಣ್ಯ ಭಾಗಗಳಲ್ಲಿ ಮೋಟಾರು ಉಪಕರಣಗಳಿಗೆ ಸಾಮಾನ್ಯವಾಗಿ ನಿಷೇಧ. ಈ ಹಾದಿಯೂ ಅಂಥ ಹಲವು ಕಾಡುಗಳನ್ನು ಹಾಯುತ್ತದೆ. ಅಲ್ಲಿ ನಮ್ಮ ಮಲೆನಾಡಿನ ಹಿರಿಯರೂ ಬಲ್ಲ, ಇಬ್ಬರು ಆಚೀಚೆ ನಿಂತು ಎಳೆಯುವ ಉದ್ದ ಗರಗಸವೇ ಗತಿ. ಅದಕ್ಕೆ ಪೆಟ್ರೋಲು ಬೇಡ. ಹರಿತವಾದ ಹಲ್ಲು ಮತ್ತು ಜೊತೆಗಾರನ ಲಯ ಅರಿತ ಕೈ ಬೇಕು.