ವೇಷ ಹಾಕಿದ ಪೊಲೀಸ್, ಫೋಟೋದಲ್ಲಿ ಕಾಣೋ ಮುಖ

ಇವತ್ತು ಒಂದು ಕಾಮಿಕ್ಸ್ ಬಗ್ಗೆ ಮಾತು. ಇದರ ವಿಶೇಷ ಏನಂದ್ರೆ, ಇದನ್ನ ಯಾರೂ ಬರೆದು ಬಣ್ಣ ಹಚ್ಚಿಲ್ಲ, ಎಲ್ಲಾ ಫೋಟೋ.

1982ರ ಮಾರ್ಚ್ 27ಕ್ಕೆ ಬ್ರಿಟನ್ನಿನಲ್ಲಿ 'ಈಗಲ್' ಅನ್ನೋ ಹುಡುಗರ ವಾರಪತ್ರಿಕೆ ಹೊಸದಾಗಿ ಬಂತು. ಹಳೇ 'ಈಗಲ್' 1950ರಲ್ಲಿ ಶುರುವಾಗಿ 1969ಕ್ಕೆ ನಿಂತಿತ್ತು. ಪ್ರಕಾಶಕರು ಐಪಿಸಿ. ನಮ್ಮ ಹಳೇ ದಂಡಸಂಹಿತೆ ಅಲ್ಲ, ಕಂಪನಿ ಹೆಸರು! ಫೋಟೋ ಕಥೆಗಳು ಅಲ್ಲಿವರೆಗೆ ಹೆಚ್ಚಾಗಿ ಹುಡುಗಿಯರ ಪತ್ರಿಕೆಯ ಪ್ರೇಮಕಥೆಗಳಿಗೆ ಮೀಸಲು. 'ಈಗಲ್' ಅದನ್ನ ಹುಡುಗರಿಗೂ ಕೊಡ್ತು. ಅದರಲ್ಲೊಂದು 'ಸಾರ್ಜೆಂಟ್ ಸ್ಟ್ರೀಟ್‌ವೈಸ್', ವೇಷ ಮರೆಸಿಕೊಂಡು ಬೀದಿಯಲ್ಲಿ ಓಡಾಡೋ ಪತ್ತೇದಾರನ ಕಥೆ.

ನಾನು ಬಿಕಾಂ ಓದಿದವನು, ಮೊದಲು ಲೆಕ್ಕ ನೋಡ್ತೀನಿ. ಕಾರು ಸ್ಫೋಟ ಆಗಬೇಕಂದ್ರೆ ಚಿತ್ರಗಾರನಿಗೆ ಶಾಯಿ ಸಾಕು, ಫೋಟೋಗ್ರಾಫರ್‌ಗೆ ಕಾರೇ ಬೇಕು. ಅದೇ ಪತ್ರಿಕೆಯ 'ಡೂಮ್‌ಲಾರ್ಡ್' ಅನ್ನೋ ಅನ್ಯಗ್ರಹದವನಿಗೆ ಮುಖವಾಡ ಬೇಕಾಯ್ತು. ಪೊಲೀಸ್ ಕಥೆಗೆ ಗಲ್ಲಿ, ಗೋಡೆ, ನಾಲ್ಕು ಜನ ನಟರು ಇದ್ರೆ ನಡೆಯುತ್ತೆ.

ಆದ್ರೆ ಒಂದು ತಮಾಷೆ ಇದೆ. ವೇಷ ಮರೆಸಿದವನ ಮುಖ ವಾರವಾರ ಫೋಟೋದಲ್ಲೇ ಕಾಣುತ್ತೆ. ಓದುಗನಿಗೆ ತಕ್ಷಣ ಗುರುತು ಸಿಗುತ್ತೆ, ಕಳ್ಳನಿಗೆ ಮಾತ್ರ ಸಿಗಲ್ಲ. ನಮ್ಮ ಸಿನಿಮಾ ಹೀರೋ ಒಂದು ಮಚ್ಚೆ ಅಂಟಿಸಿಕೊಂಡ್ರೆ ವಿಲನ್ ಮೋಸ ಹೋಗ್ತಾನಲ್ಲ, ಹಾಗೆ. ಮೋಸದ ಗುಟ್ಟು ನಮಗೆ ಗೊತ್ತಿರೋದ್ರಿಂದಲೇ ಖುಷಿ.

ಗುಟ್ಟು ಗೊತ್ತಿಲ್ಲದಿದ್ರೆ? ಆಗಲೇ ಲಂಡನ್ ಪೊಲೀಸರಲ್ಲಿ ನಿಜವಾದ ಮಾರುವೇಷದ ದಳ ಒಂದಿತ್ತು. 1968ರಲ್ಲಿ ಕಟ್ಟಿದ್ದು, 2008ರವರೆಗೆ ನಡೀತು. ಇವರು ಹಿಡಿಯೋಕೆ ಹೋಗಿದ್ದು ಕಳ್ಳರನ್ನಲ್ಲ. ಪ್ರತಿಭಟನಾ ಸಂಘಟನೆಗಳ ಒಳಗೆ ಸೇರಿಕೊಂಡು ವರ್ಷಗಟ್ಟಲೆ ಮಾಹಿತಿ ಕೊಡ್ತಿದ್ರು. ಹಲವರು ಸತ್ತುಹೋದ ಮಕ್ಕಳ ಹೆಸರನ್ನೇ ತಮ್ಮದು ಮಾಡ್ಕೊಂಡಿದ್ರು. ಕೆಲವರು ಆ ಸುಳ್ಳು ಹೆಸರಿನಲ್ಲೇ ಹೆಂಗಸರ ಜೊತೆ ಸಂಬಂಧ ಬೆಳೆಸಿದ್ರು. ಮಗು ಆದ ಮೇಲೆ ಮಾಯವಾದವನೂ ಇದ್ದಾನೆ.

ಕಾಮಿಕ್ಸ್ ವಿಚಾರಕ್ಕೆ ಬಂದ್ರೆ, 1983ರ ಸೆಪ್ಟೆಂಬರ್‌ನಲ್ಲಿ 'ಈಗಲ್' ಫೋಟೋ ಕಥೆ ಬಿಟ್ಟು ಚಿತ್ರಗಳಿಗೇ ವಾಪಸ್ ಬಂತು. ಓದುಗರಿಗೆ ಸ್ಟ್ರೀಟ್‌ವೈಸ್ ಯಾರು ಅಂತ ಮೊದಲ ಪುಟದಲ್ಲೇ ಗೊತ್ತಿತ್ತು. ಜೊತೆಗೆ ಬಾಳಿದವನು ಪೊಲೀಸ್ ಅಂತ ಗೊತ್ತಾಗೋಕೆ ಆ ಹೆಂಗಸರಲ್ಲಿ ಕೆಲವರಿಗೆ ಹತ್ತಾರು ವರ್ಷ ಬೇಕಾಯ್ತು. 2015ರಲ್ಲಿ ಸರ್ಕಾರಿ ವಿಚಾರಣೆ ಶುರುವಾಯ್ತು, ಅದೇ ವರ್ಷ ನವೆಂಬರ್‌ನಲ್ಲಿ ಲಂಡನ್ ಪೊಲೀಸ್ ಇಲಾಖೆ ಏಳು ಮಹಿಳೆಯರ ಕ್ಷಮೆ ಕೇಳ್ತು.